ತಿಪ್ಪೆಯ ಮೇಲೆ ಹುಟ್ಟಿದ ಸೌತೆಬಳ್ಳಿ

ಬಳ್ಳಿಯಲ್ಲೇ ಹಣ್ಣಾಗಿ ಕೊಳೆತ ಸೌತೆಕಾಯಿಯ ವಾಸನೆ ಬಹಳ ಜನರಿಗೆ ಗೊತ್ತಿರಲಿಕ್ಕಿಲ್ಲ. ಮೊದಲ ದಿನ ಅದು ಹುಳಿ ಬಂದ ಹಿಟ್ಟಿನ ಹಾಗಿರುತ್ತದೆ. ಮೂರನೆಯ ದಿನ ಮೂಗು ಮುಚ್ಚಿಕೊಳ್ಳಬೇಕು. ಐದನೆಯ ದಿನಕ್ಕೆ ಹಳ್ಳದ ದಂಡೆಯ ಮನೆಯವರು ಬಾಗಿಲು ಹಾಕಿಕೊಂಡು ಉಣ್ಣುತ್ತಾರೆ. ಕುಷ್ಟಗಿಯಿಂದ ಹನುಮಸಾಗರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಊರೊಂದರಲ್ಲಿ ನಾನು ಹೆಚ್ಚುಕಡಿಮೆ ಒಂದು ವರ್ಷ ಆ ವಾಸನೆಯ ಜೊತೆ ಕಳೆದೆ. ಮನೆಗೆ ಹೋದರೆ ನನ್ನ ಹೆಂಡತಿ ಹಿತ್ತಲಲ್ಲೇ ಬಕೆಟ್ ನೀರಿಟ್ಟಿರುತ್ತಿದ್ದಳು. ಸ್ನಾನವಾಗದೆ ಒಳಗೆ ಪ್ರವೇಶವಿರಲಿಲ್ಲ.

ಆ ಊರಿನವರು ಸೌತೆಯನ್ನು ಬೆಳೆಯುವುದು ತಿನ್ನುವುದಕ್ಕಲ್ಲ, ಬೀಜಕ್ಕೆ. ಬೀಜದ ಕಂಪನಿಯೊಂದು ಗಂಡು ತಳಿ, ಹೆಣ್ಣು ತಳಿ ಎರಡನ್ನೂ ತಂದು ಕೊಡುತ್ತದೆ. ಹೆಂಗಸರು ಬೆಳಿಗ್ಗೆ ಬೆಳಿಗ್ಗೆ ಗಂಡು ಹೂ ಕಿತ್ತು ಒಂದೊಂದಾಗಿ ಹೆಣ್ಣು ಹೂವಿಗೆ ಮುಟ್ಟಿಸುತ್ತಾರೆ. ಇದಕ್ಕೆ ಎಲ್ಲರೂ ಕ್ರಾಸಿಂಗ್ ಎನ್ನುತ್ತಾರೆ. ಕಾಯಿ ಹಣ್ಣಾದ ಮೇಲೆ ಸೀಳಿ, ಬೀಜ ಕೆರೆದು, ತೊಳೆದು, ಒಣಗಿಸಿ ಕಂಪನಿಗೆ ಕೊಡುವುದು. ಬೀಜ ತೊಳೆಯುವ ಹೆಂಗಸರು ಸಂಜೆ ಹೊರಡುವಾಗ ಸೆರಗು ಜಾಡಿಸಿ ತೋರಿಸಬೇಕು. ಒಂದು ಕಾಳೂ ಹೊರಗೆ ಹೋಗಬಾರದು ಎಂಬುದು ಕಂಪನಿಯ ಕಟ್ಟಳೆ. ಆದರೆ ಬೀಜ ತೆಗೆದ ಮೇಲೆ ಉಳಿಯುವ ತಿರುಳು, ಸಿಪ್ಪೆ, ಲೋಳೆನೀರು ಯಾರಿಗೂ ಬೇಡ. ಅದನ್ನು ಟ್ರ್ಯಾಕ್ಟರಿನಲ್ಲಿ ತಂದು ಹಳ್ಳಕ್ಕೆ ಸುರಿಯುತ್ತಿದ್ದರು.

ಹಳ್ಳದ ಓಣಿಯ ಬೋರಿನ ನೀರು ಹಳದಿಯಾಗಿ, ಕುಡಿದ ಮಕ್ಕಳಿಗೆ ಹೊಟ್ಟೆ ಕೆಟ್ಟು, ಆ ಓಣಿಯ ಸಂಘದ ಹೆಂಗಸರು ನಾನು ಕೆಲಸ ಮಾಡುವ ಸಣ್ಣ ಸಂಸ್ಥೆಗೆ ಬಂದರು. ಗೊಬ್ಬರ ಮಾಡುವ ಕೆಲಸ ನನಗೆ ಬರುತ್ತದೆ ಎಂದು ನಮ್ಮ ಸಂಸ್ಥೆಯವರು ನನ್ನನ್ನು ಕಳಿಸಿದರು. ನನಗೂ ಬರುತ್ತದೆ ಎಂದೇ ನಾನು ತಿಳಿದಿದ್ದೆ.

ಪಂಚಾಯಿತಿಯವರು ಹಳ್ಳದ ಆಚೆ ಒಂದು ಪಾಳು ಜಾಗ ತೋರಿಸಿದರು. ಅಲ್ಲಿ ಗೊಬ್ಬರದ ಅಂಗಳ ಮಾಡಿ ಎಂಟು ಜನ ಹೆಂಗಸರು ಕೆಲಸಕ್ಕೆ ನಿಂತರು. ಲೆಕ್ಕ ಸರಳವಾಗಿತ್ತು. ತಿರುಳು ನಮ್ಮ ಅಂಗಳಕ್ಕೆ ಬಂದರೆ ಹಳ್ಳಕ್ಕೆ ಹೋಗುವುದಿಲ್ಲ. ಅಂಗಳದ ಕೆಲಸ ನಿಂತರೆ ತಿರುಳು ಮತ್ತೆ ಹಳ್ಳಕ್ಕೆ. ಇದು ಆ ಎಂಟು ಹೆಂಗಸರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಮಹಾನವಮಿಗೆ ಮೂರು ವಾರ ಮುಂಚೆ ಮೊದಲ ಟ್ರ್ಯಾಕ್ಟರ್ ಬಂತು. ಕುಕನೂರಿನ ಎಣ್ಣೆ ಮಿಲ್ಲಿನಿಂದ ಶೇಂಗಾ ಸಿಪ್ಪೆ ತರಿಸಿದ್ದೆ. ಕುರುಬರ ದೊಡ್ಡಿಯಿಂದ ಕುರಿಹಿಕ್ಕೆ, ಎಂಟೂ ಮನೆಗಳಿಂದ ಸೆಗಣಿ. ಒಂದು ಪದರ ಸಿಪ್ಪೆ, ಒಂದು ಪದರ ತಿರುಳು, ಮೇಲೆ ಹಿಕ್ಕೆ, ಅದರ ಮೇಲೆ ಸೆಗಣಿಯ ರಾಡಿ. ಪುಸ್ತಕದಲ್ಲಿ ಇದ್ದ ಹಾಗೆಯೇ ಮಾಡಿದೆ. ನಾಲ್ಕನೆಯ ದಿನ ರಾಶಿಯ ಬುಡದಿಂದ ಕಪ್ಪು ನೀರು ಹರಿಯಿತು. ಆರನೆಯ ದಿನ ಹುಳ. ಬಿಸಿ ಮಾತ್ರ ಬರಲಿಲ್ಲ. ವಾಸನೆ ಹಳ್ಳದ್ದಕ್ಕಿಂತ ಜೋರಾಗಿತ್ತು.

ಸಂಘದ ಅಧ್ಯಕ್ಷೆ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. ಹನುಮಸಾಗರದ ಸಂತೆಯಲ್ಲಿ ಕಾಯಿಪಲ್ಲೆ ಮಾರುವ, ಯಾರಿಗೂ ಸೊಪ್ಪು ಹಾಕದ ಹೆಂಗಸು ಆಕೆ.

"ಸಾಬ್ರ, ಇದು ಗೊಬ್ಬರ ಆಗಾಕತ್ತೈತೋ, ಏನ್ ಸಾಂಬಾರ ಆಗಾಕತ್ತೈತ್ರಿ?"

ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು. ಅಂದಿನಿಂದ ನನಗೆ ಗೊಬ್ಬರದ ಸಾಬ್ರು ಎಂದೇ ಹೆಸರು ಬಿತ್ತು.

ತಪ್ಪು ಎಲ್ಲಿದೆ ಎಂದು ಹುಡುಕಲು ಹತ್ತು ದಿನ ಹಿಡಿಯಿತು. ಸೌತೆಯ ತಿರುಳಿನಲ್ಲಿ ನೀರೇ ಹೆಚ್ಚು. ಶೇಂಗಾ ಸಿಪ್ಪೆ ಇಡಿಯಾಗಿದ್ದರೆ ದೋಣಿಯ ಹಾಗೆ ನೀರನ್ನು ಜಾರಿಸಿಬಿಡುತ್ತದೆ, ಹೀರುವುದಿಲ್ಲ. ಆದ್ದರಿಂದ ತಿರುಳನ್ನು ಇಳಿಜಾರಿನ ಮೇಲೆ ಒಂದು ದಿನ ಹರವಿ ನೀರು ಬಸಿದೆವು. ಸಿಪ್ಪೆಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಟ್ರ್ಯಾಕ್ಟರ್ ಓಡಿಸಿ ಪುಡಿ ಮಾಡಿದೆವು. ಒಂದು ಪುಟ್ಟಿ ತಿರುಳಿಗೆ ಎರಡು ಪುಟ್ಟಿ ಸಿಪ್ಪೆ, ಅರ್ಧ ಪುಟ್ಟಿ ಹಿಕ್ಕೆ. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ತೇವ ಕಾಣಬೇಕು, ಹನಿ ಬೀಳಬಾರದು. ಹೊಸ ರಾಶಿ ಕಟ್ಟಿದ ಮೂರನೆಯ ದಿನ ಕಬ್ಬಿಣದ ಸಲಾಕೆಯನ್ನು ನಡುವಿಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆದೆ. ಹಿಡಿಯಲಾಗಲಿಲ್ಲ. ಕೈ ಸುಟ್ಟಿತು. ನನ್ನ ಜೀವನದಲ್ಲಿ ಕೈ ಸುಟ್ಟುಕೊಂಡು ಅಷ್ಟು ಖುಷಿಪಟ್ಟದ್ದು ಅದೊಂದೇ ಸಲ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ತಿರುಳಿನಲ್ಲಿ ಎಷ್ಟು ಕೆರೆದರೂ ಕೆಲವು ಬೀಜ ಉಳಿದಿರುತ್ತವೆ. ರಾಶಿಯ ನಡುವಿನ ಬಿಸಿಗೆ ಅವು ಸಾಯುತ್ತವೆ. ಆದರೆ ರಾಶಿಯ ಹೊರಮೈ ತಣ್ಣಗಿರುತ್ತದೆ. ಅಲ್ಲಿನ ಬೀಜ ಬದುಕಿರುತ್ತದೆ. ಅದಕ್ಕೇ ರಾಶಿಯನ್ನು ವಾರಕ್ಕೊಮ್ಮೆಯಂತೆ ಮೂರು ಸಲ ತಿರುವಿ, ಹೊರಗಿನದನ್ನು ಒಳಗೆ ಹಾಕಬೇಕು. ಮೂರು ಸಲ, ಎರಡಲ್ಲ. ಹೆಂಗಸರು ಇದನ್ನು ಕಲಿತುಕೊಂಡು ಸಲಿಕೆ ಹಾಕುವಾಗ ಹಾಡಿನ ಹಾಗೆ ಹೇಳುತ್ತಿದ್ದರು, "ಹೊರಗಿಂದು ಒಳಗ, ಒಳಗಿಂದು ಹೊರಗ."

ಅವರಲ್ಲಿ ಎಲ್ಲರಿಗಿಂತ ಹಿರಿಯಳು ತಿಪ್ಪವ್ವ. ಬೇರೆ ಯಾರ ಹೆಸರನ್ನೂ ಹೇಳದೆ ಈಕೆಯ ಹೆಸರನ್ನು ಮಾತ್ರ ಹೇಳುತ್ತಿರುವುದಕ್ಕೆ ಕಾರಣವಿದೆ. ಆಕೆ ಹುಟ್ಟುವ ಮೊದಲು ಆಕೆಯ ತಾಯಿಗೆ ಮೂರು ಕೂಸು ಹೋಗಿದ್ದವು. ನಾಲ್ಕನೆಯದು ಹುಟ್ಟಿದ ಕೂಡಲೇ ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟು ಬಂದರು. ಇದು ಮನೆಯವರಿಗೇ ಬೇಡವಾದ ಕೂಸು ಎಂದು ಸಾವಿಗೆ ಅನಿಸಬೇಕಲ್ಲ, ಅದಕ್ಕೆ. ಆಮೇಲೆ ನೆರೆಮನೆಯವಳು ಎತ್ತಿ ತಂದು ತಾಯಿಯ ಉಡಿಗೆ ಹಾಕಿದಳು. ಹೀಗೆ ಉಳಿದ ಮಕ್ಕಳಿಗೆ ನಮ್ಮ ಕಡೆ ತಿಪ್ಪವ್ವ, ತಿಪ್ಪಣ್ಣ ಎಂದು ಹೆಸರಿಡುತ್ತಾರೆ. ಈಕೆ ಉಳಿದು ಅರವತ್ತು ದಾಟಿದ್ದಳು. ಮೊದಲ ದಿನವೇ ನನಗೆ ಹೇಳಿದ್ದಳು.

"ಯಪ್ಪಾ, ನನಗ ತಿಪ್ಪಿ ಕೆಲಸ ಅಂದ್ರ ತವರಮನಿ ಕೆಲಸ ಇದ್ದಂಗ. ನೀವು ಹೇಸಬ್ಯಾಡ್ರಿ, ನಾ ಕಲಸ್ತೀನಿ."

ಆಕೆ ಸೆಗಣಿಯ ರಾಡಿಯನ್ನು ಮೊಣಕೈವರೆಗೆ ಕೈ ಹಾಕಿ ಕಲಸುತ್ತಿದ್ದಳು. ಸಲಾಕೆ ಬೇಕಿರಲಿಲ್ಲ, ಅಂಗೈಯಿಂದಲೇ ಬಿಸಿ ಹೇಳುತ್ತಿದ್ದಳು. ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತಿತ್ತು.

ಮೊದಲನೆಯ ತಿರುವು ಆಯಿತು. ಎರಡನೆಯದೂ ಆಯಿತು. ಮೂರನೆಯದು ದೀಪಾವಳಿಗೆ ಬಂತು.

ಅಮಾವಾಸ್ಯೆಯ ಹಿಂದಿನ ದಿನ ಅಂಗಳಕ್ಕೆ ಹೋದಾಗ ಒಬ್ಬರೂ ಸಲಿಕೆ ಹಿಡಿದಿರಲಿಲ್ಲ. ರಾಶಿಯ ಸುತ್ತ ಕಸ ಗುಡಿಸಿ ನೀರು ಚಿಮುಕಿಸಿದ್ದರು. ಪಾಡ್ಯದ ದಿನ ಹೋದರೆ ರಾಶಿಯ ತಲೆಯ ಮೇಲೆ ಸೆಗಣಿಯಲ್ಲಿ ಮಾಡಿದ ಐದು ಪಾಂಡವರು ಕೂತಿದ್ದರು, ಚೆಂಡುಹೂ, ಉತ್ತರಾಣಿ ಕಡ್ಡಿ ಸಿಗಿಸಿಕೊಂಡು. ಪಕ್ಕದಲ್ಲಿ ಹಣತೆ. ಈ ಕಡೆ ಎಲ್ಲ ಮನೆಗಳ ಬಾಗಿಲಿಗೂ ತಿಪ್ಪೆಗೂ ಹಾಗೆ ಇಡುತ್ತಾರೆ, ನಾನು ಸಣ್ಣವನಿದ್ದಾಗಿನಿಂದ ನೋಡಿದ್ದೇನೆ. ಆದರೆ ನಾನು ಕಟ್ಟಿಸಿದ ರಾಶಿಗೆ ಇಟ್ಟದ್ದನ್ನು ನೋಡಿ, ನಿಜ ಹೇಳುತ್ತೇನೆ, ಚಪ್ಪಲಿ ಬಿಟ್ಟು ಹತ್ತಿರ ಹೋದೆ. ಇಷ್ಟು ದಿನ ಅದು ಸಾಬರ ಗೊಬ್ಬರವಾಗಿತ್ತು. ಅಂದು ಅವರ ತಿಪ್ಪೆಯಾಯಿತು.

"ಇವತ್ತ ತಿರುವಬೇಕಿತ್ತಲ್ಲವ್ವಾ" ಎಂದೆ, ಹೇಳಬೇಕಲ್ಲ ಎಂದು.

"ತಿಪ್ಪ್ಯಾಗಿನ ಲಕ್ಷ್ಮಿ ಇನ್ನಾ ಎದ್ದಾಳೇನ್ರಿ? ಕುಂತಾಳ ನೋಡ್ರಿ" ಎಂದಳು ತಿಪ್ಪವ್ವ. "ಪಾಂಡವ್ರು ಒಣಗೋ ತನಕ ತಿಪ್ಪಿಗಿ ಸಲಿಕಿ ಹಚ್ಚಂಗಿಲ್ರಿ ಯಪ್ಪಾ. ಹಚ್ಚಿದ್ರ ಮನಿತನಕ್ಕ ಛಲೋ ಅಲ್ಲ."

ಆಗ ನಾನು ಹಟ ಹಿಡಿಯಬೇಕಿತ್ತು. ಐದು ದಿನ ಬಿಟ್ಟು ನೀರು ಹಾಕಿ, ಹಸಿ ಸೆಗಣಿ ಸೇರಿಸಿ, ಮತ್ತೆ ಬಿಸಿ ಬರಿಸಿ ತಿರುವಿದ್ದರೂ ನಡೆಯುತ್ತಿತ್ತು. ಆದರೆ ಪಾಂಡವರು ಒಣಗುವ ಹೊತ್ತಿಗೆ ಹೆಂಗಸರು ಹತ್ತಿ ಬಿಡಿಸಲು ಹೋದರು. ರಾಶಿ ತಣ್ಣಗಾಗಿತ್ತು. ಎರಡನೆಯ ಬೆಳೆಯ ಸಸಿ ನಾಟಿಗೆ ರೈತರು ಗೊಬ್ಬರ ಯಾವಾಗ ಎಂದು ಕೇಳುತ್ತಿದ್ದರು. ನಾನು ಸಲಾಕೆಯನ್ನು ನಡುವಿಗೆ ಚುಚ್ಚಿ ನೋಡಿದೆ. ತಣ್ಣಗೆ, ಕಪ್ಪಗೆ, ಮಳೆ ಬಿದ್ದ ಮಣ್ಣಿನ ವಾಸನೆ. ಗೊಬ್ಬರ ತಯಾರಾಗಿದೆ ಎಂದು ಹೇಳಿಬಿಟ್ಟೆ. ಅಂಚಿಗೆ ಚುಚ್ಚಲಿಲ್ಲ. ಹಬ್ಬದ ದೂರು ಹೆಂಗಸರ ಮೇಲೆ ಹಾಕಿ ಈಗ ನಾನು ಕೈ ತೊಳೆದುಕೊಳ್ಳಬಹುದು. ಆದರೆ ತಯಾರಾಗಿದೆ ಎಂದ ಬಾಯಿ ನನ್ನದು.

ಗೊಬ್ಬರ ಹೊಲಗಳಿಗೆ ಹೋಯಿತು. ಸಾಲಿಗೆ ಹಾಕಿ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರಿಂದ ಅಲ್ಲಿ ಹುಟ್ಟಿದ್ದು ಹಾಳೆಯ ಕೆಳಗೇ ಬೆಂದುಹೋಗಿರಬೇಕು. ಅಂಗಳದಲ್ಲಿ ಉಳಿದ ರಾಶಿಯ ಅಂಚಿನಲ್ಲಿ ಮಾತ್ರ ಒಂದು ದಿನ ಬೆರಳುದ್ದದ ಐದಾರು ಸಸಿ ಕಂಡವು. ಎರಡೆರಡು ದಪ್ಪ ಎಲೆ. "ಕಿತ್ತು ಒಗೀರಿ ಇವನ್ನ" ಎಂದು ತಿಪ್ಪವ್ವನಿಗೆ ಹೇಳಿ ನಾನು ಯಲಬುರ್ಗಾ ಕಡೆಯ ಒಂದು ತರಬೇತಿಗೆ ಹೋದೆ. ಒಂದು ವಾರ ಬರಲಿಲ್ಲ. ಯಾಕೆ ಕೀಳಬೇಕು ಎಂದು ಹೇಳುವಷ್ಟು ವ್ಯವಧಾನವೂ ನನಗಿರಲಿಲ್ಲ.

ಆಕೆ ಕಿತ್ತಳು, ಎಸೆಯಲಿಲ್ಲ. ಬೇರಿನ ಮಣ್ಣು ಉದುರದಂತೆ ಸೆರಗಿನಲ್ಲಿ ಹಾಕಿಕೊಂಡು ಹೋಗಿ ತನ್ನ ಹಿತ್ತಲ ಬೇಲಿಗೆ ನೆಟ್ಟಳು.

ಆಕೆಯ ಹಿತ್ತಲ ಬೇಲಿಯ ಆಚೆ ಊರಿನ ದೊಡ್ಡ ಬೀಜದ ಪ್ಲಾಟು. ಸೌತೆ ಬೀಜದ ಪ್ಲಾಟಿನ ಸುತ್ತ ಕಂಪನಿ ಹೇಳಿದಷ್ಟು ದೂರ ಬೇರೆ ಯಾವ ಸೌತೆಬಳ್ಳಿಯೂ ಇರುವಂತಿಲ್ಲ. ಜೇನುಹುಳ ಅದರ ಹೂವಿಗೂ ಇದರ ಹೂವಿಗೂ ಹಾರಾಡಿದರೆ ಬೀಜ ಕಲಬೆರಕೆಯಾಗುತ್ತದೆ. ಜನವರಿಯಲ್ಲಿ ಕ್ರಾಸಿಂಗ್ ಜೋರಾಗಿ ನಡೆದಿದ್ದಾಗ ಕಂಪನಿಯ ಇನ್‌ಸ್ಪೆಕ್ಟರ್ ಸುತ್ತು ಹಾಕುತ್ತ ಬೇಲಿಯ ಮೇಲೆ ಹಳದಿ ಹೂ ಕಂಡ. ಬಳ್ಳಿಗೆ ನಾಲ್ಕು ಕಾಯಿ ಕೂಡ ಬಿಟ್ಟಿದ್ದವು. ಒಂದನ್ನು ಸೀಳಿ ನೋಡಿದ. ಆಮೇಲೆ ನನಗೆ ಫೋನ್ ಬಂತು.

ನಾನು ಹೋದಾಗ ಪ್ಲಾಟಿನ ಮಾಲೀಕ ಬೇಲಿಯ ಈಚೆ ಕೂಗಾಡುತ್ತಿದ್ದ. ವರ್ಷದ ಬೆಳೆ ತಿರಸ್ಕಾರವಾಗುವ ಭಯ ಅವನಿಗೆ. ತಿಪ್ಪವ್ವ ಅಡುಗೆ ಮನೆಯ ಬಾಗಿಲಲ್ಲಿ ಕೂತಿದ್ದಳು, ತಲೆ ಮೇಲೆ ಸೆರಗು ಹೊದ್ದು. ಇನ್‌ಸ್ಪೆಕ್ಟರ್ ಸಣ್ಣ ವಯಸ್ಸಿನವನು, ಕೊಪ್ಪಳದ ಕಡೆಯವನೇ. ಕೂಗಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

"ನೋಡ್ರಿ, ಇದು ನಮ್ಮ ಹೈಬ್ರಿಡ್ ಕಾಯಿ. ಈ ಬೀಜ ಪ್ಯಾಟ್ಯಾಗ ಇನ್ನಾ ಬಂದಿಲ್ಲ" ಎಂದ. "ಆಕಿ ಹೋದ ಸಲ ಬೀಜ ತೊಳ್ಯಾಕ ಬಂದಿದ್ಲು. ಸೆರಗಿನ್ಯಾಗ ಒಯ್ದಾಳ."

"ನಾ ಒಯ್ದಿಲ್ರಿ!" ತಿಪ್ಪವ್ವ ಕೂತಲ್ಲಿಂದಲೇ ಹೇಳಿದಳು. "ತಿಪ್ಪಿ ಮ್ಯಾಲ ಹುಟ್ಟಿತ್ತು. ಸಾಬ್ರ ಕೀಳು ಅಂದ್ರು, ಕಿತ್ತೆ. ತಿಪ್ಪಿ ಮ್ಯಾಲ ತಾನಾ ಹುಟ್ಟಿದ್ದನ್ನ ಒಗೆಯೋದು ಹೆಂಗ್ರಿ? ನನ್ನ ಒಗದಿದ್ರ ನಾ ಎಲ್ಲಿರ್ತಿದ್ನಿ?"

ಮಾಲೀಕ ಇದನ್ನು ಕೇಳಿ ಇನ್ನೂ ಜೋರಾಗಿ ಕೂಗಿದ. ಆಕೆ ಹೇಳಿದ್ದು ಪೂರ್ತಿ ನಿಜ ಎಂದು ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ.

ಇನ್‌ಸ್ಪೆಕ್ಟರ್ ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋದ. ಕೆಟ್ಟವನಲ್ಲ ಅವನು. ಅವನಿಗೂ ಮೇಲಿನವರಿದ್ದರು.

"ಸರ, ಎರಡ ದಾರಿ ಅದಾವು. ಆಕಿ ಒಂದ ಹಿಡಿ ಕದ್ದಾಳ ಅಂತ ನೀವು, ಸಂಘದ ಅಧ್ಯಕ್ಷೆ ಇಬ್ರೂ ಬರದ ಕೊಟ್ರ ಇದು ಒಬ್ರ ತಪ್ಪು ಆಗ್ತೈತಿ. ಬಳ್ಳಿ ಕಿತ್ತು, ಈ ಬೇಲಿ ಕಡೆ ನಾಲ್ಕ ಸಾಲಿನ ಕಾಯಿ ತಗದು ಪ್ಲಾಟ್ ಉಳಸ್ತೀನಿ. ನಿಮ್ಮ ಗೊಬ್ಬರದ ಸುದ್ದೀನ ಬರಂಗಿಲ್ಲ. ಇಲ್ಲಾ, ಗೊಬ್ಬರದಾಗ ಜೀವಂತ ಬೀಜ ಅದಾವು ಅಂತ ಆತಂದ್ರ, ಒಂದ ಹನಿ ತಿರುಳು ಇನ್ನ ನಿಮ್ಮ ಕಡೆ ಬರಂಗಿಲ್ಲ. ಯಾವ ಪ್ಲಾಟಿಗೂ ನಿಮ್ಮ ಗೊಬ್ಬರ ಹಾಕಾಕ ಬಿಡಂಗಿಲ್ಲ. ಇಚಾರ ಮಾಡ್ರಿ."

ಹಾವು ಸಾಯಬೇಕು, ಕೋಲು ಮುರಿಯಬಾರದು. ಹಾವು ಎಂದರೆ ಇಲ್ಲಿ ತಿಪ್ಪವ್ವ.

ಅಧ್ಯಕ್ಷೆಯ ಹತ್ತಿರ ಹೋದೆ. ಆಕೆ ಬೋರಿನ ಕಡೆ ನೋಡಿದಳು. ನೀರು ತಿಳಿಯಾಗಿ ಎರಡು ತಿಂಗಳಾಗಿತ್ತು.

"ಏಳ ಮಂದಿ ಅದೀವ್ರಿ ನಾವು ಆಕಿನ್ನ ಬಿಟ್ಟು" ಎಂದಳು. "ಓಣಿಯಾಗ ಸಣ್ಣ ಕೂಸುಗಳದಾವು. ಆಕಿ ಮುದುಕಿ. ಒಂದ್ ನಾಕ ದಿನ ಮಂದಿ ಆಡ್ಕೊಂತಾರ, ಮರೀತಾರ. ನಾ ಆಕಿ ಕಾಲ ಹಿಡ್ಕೊಂತೀನಿ ಬೇಕಾರ." ಸ್ವಲ್ಪ ಹೊತ್ತಿನ ಮೇಲೆ, "ನನಗ ಕೇಳಬ್ಯಾಡ್ರಿ ಸಾಬ್ರ. ನಾ ಹೇಳಬಾರದ್ದು ಹೇಳ್ತೀನಿ" ಎಂದು ಅತ್ತಳು. ಸಂತೆಯಲ್ಲಿ ಗಂಡಸರ ಬಾಯಿ ಮುಚ್ಚಿಸುವ ಹೆಂಗಸು ಅಳುವುದನ್ನು ನಾನು ಆವರೆಗೆ ನೋಡಿರಲಿಲ್ಲ.

ಆಕೆ ಹೇಳಿದ್ದು ಸುಳ್ಳಲ್ಲ. ಒಂದು ಓಣಿಯ ನೀರಿನ ಮುಂದೆ ಒಬ್ಬ ಮುದುಕಿಯ ಹೆಸರು ಎಷ್ಟರದು ಎಂದು ನಾನೂ ಮನಸ್ಸಿನಲ್ಲಿ ತೂಗಿದೆ. ತೂಗಿದೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ. ನನ್ನ ತಪ್ಪನ್ನು ಮುಚ್ಚಲು ಎಷ್ಟು ಅನುಕೂಲವಾದ ದಾರಿ ಅದು! ತಿಪ್ಪೆ ಸಾರಿಸುವುದು ಎಂದು ಕನ್ನಡದಲ್ಲಿ ಯಾಕೆ ಹೇಳುತ್ತಾರೋ ಅಂದು ಗೊತ್ತಾಯಿತು. ಎರಡು ದಿನ ಹಾಗೇ ಓಡಾಡಿದೆ. ಮೂರನೆಯ ದಿನ ಮಧ್ಯಾಹ್ನ ಕುಷ್ಟಗಿಯ ಸರ್ಕಲ್ಲಿನಲ್ಲಿ ಬೈಕ್ ನಿಲ್ಲಿಸಿ ಚಹಾ ಕುಡಿಯುತ್ತಿದ್ದಾಗ, ಪಕ್ಕದಲ್ಲಿ ನಿಂತ ಆ ಊರಿನ ಇಬ್ಬರು ಮಾತಾಡಿಕೊಳ್ಳುವುದು ಕೇಳಿತು. ತಿಪ್ಪವ್ವ ಎಷ್ಟು ವರ್ಷದಿಂದ ಬೀಜ ಕದಿಯುತ್ತಿದ್ದಳು ಎಂದು ಅವರು ಲೆಕ್ಕ ಹಾಕುತ್ತಿದ್ದರು. ನಾನು ಇನ್ನೂ ಒಂದು ಅಕ್ಷರ ಬರೆದುಕೊಟ್ಟಿರಲಿಲ್ಲ. ಚಹಾ ಅರ್ಧಕ್ಕೆ ಬಿಟ್ಟು ಇನ್‌ಸ್ಪೆಕ್ಟರ್‌ಗೆ ಫೋನ್ ಮಾಡಿದೆ. ಗೊಬ್ಬರದಲ್ಲಿ ಬೀಜ ಬದುಕಿದೆ, ತೋರಿಸುತ್ತೇನೆ ಬನ್ನಿ ಎಂದೆ.

ಮಾತಿಗೆ ಮಾತು ಸಾಕಾಗುತ್ತಿರಲಿಲ್ಲ, ಕಣ್ಣಿಗೆ ಕಾಣಬೇಕಿತ್ತು. ಮೂರು ಅಗಲ ಬುಟ್ಟಿ ತಂದೆ. ಒಂದಕ್ಕೆ ರಾಶಿಯ ನಡುವಿನ ಗೊಬ್ಬರ, ಇನ್ನೊಂದಕ್ಕೆ ಅಂಚಿನದು, ಮೂರನೆಯದಕ್ಕೆ ಬರಿ ಹೊಲದ ಮಣ್ಣು. ಇನ್‌ಸ್ಪೆಕ್ಟರ್ ತನ್ನ ಕೈಯಿಂದಲೇ ತುಂಬಿದ. ಮೂರಕ್ಕೂ ಒಂದೇ ಅಳತೆಯ ನೀರು ಹಾಕಿ, ಮೇಲೆ ಒದ್ದೆ ಗೋಣಿತಟ್ಟು ಮುಚ್ಚಿ, ಪಂಚಾಯಿತಿಯ ಕೋಣೆಯಲ್ಲಿಟ್ಟು ಬೀಗ ಹಾಕಿದೆವು. ಕೀಲಿ ಅವನ ಹತ್ತಿರ. ದಿನಾ ಬೆಳಿಗ್ಗೆ ಇಬ್ಬರೂ ಹೋಗಿ ನೀರು ಚಿಮುಕಿಸುತ್ತಿದ್ದೆವು. ಎಂಟೂ ಹೆಂಗಸರು ಕಿಟಕಿಯಲ್ಲಿ ಇಣುಕುತ್ತಿದ್ದರು. ಏನೂ ಹುಟ್ಟಬಾರದು ಎಂದು ಏಳು ಜನರ ಹರಕೆ. ಹುಟ್ಟಬೇಕು ಎಂದು ಒಬ್ಬಳದು. ನನ್ನದು ಯಾವುದು ಎಂದು ಕೇಳಿದರೆ, ಪ್ರತಿದಿನ ಬದಲಾಗುತ್ತಿತ್ತು.

ಐದನೆಯ ದಿನ ತಟ್ಟು ಎತ್ತಿದಾಗ ಅಂಚಿನ ಬುಟ್ಟಿಯಲ್ಲಿ ಹಸಿರು. ಬಗ್ಗಿದ ಕುತ್ತಿಗೆಯ, ಬೀಜದ ಸಿಪ್ಪೆಯನ್ನು ಇನ್ನೂ ತಲೆಯ ಮೇಲೆ ಹೊತ್ತ ಸಸಿಗಳು. ಇನ್‌ಸ್ಪೆಕ್ಟರ್ ಹದಿನಾಲ್ಕು ಎಣಿಸಿದ. ನಡುವಿನ ಬುಟ್ಟಿಯಲ್ಲಿ ಒಂದೂ ಇರಲಿಲ್ಲ. ಮಣ್ಣಿನಲ್ಲಿ ಹುಲ್ಲು ಮಾತ್ರ. ಇಷ್ಟು ಸ್ಪಷ್ಟವಾಗಿ ನನ್ನ ತಪ್ಪನ್ನು ಯಾರೂ ನನಗೆ ತೋರಿಸಿಕೊಟ್ಟಿರಲಿಲ್ಲ. ಮೂರನೆಯ ಸಲ ತಿರುವಿದ್ದರೆ ಎರಡು ಬುಟ್ಟಿಯೂ ಒಂದೇ ಥರ ಇರುತ್ತಿದ್ದವು.

"ಆಕಿ ಕದ್ದಿಲ್ಲ" ಎಂದ ಇನ್‌ಸ್ಪೆಕ್ಟರ್, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ನನಗೆ ಮಾತ್ರ, "ನೀವು ಖರೇನ ಹೇಳಿದ್ರಿ ಸರ. ಆದ್ರ ನನ್ನ ಕೈಯಾಗ ಇನ್ನ ಏನೂ ಇಲ್ಲ" ಎಂದ.

ಒಂದು ವಾರದಲ್ಲಿ ಎಲ್ಲವೂ ಮುಗಿಯಿತು. ಬೇಲಿಯ ಬಳ್ಳಿ ಕಿತ್ತು, ಆ ಕಡೆಯ ನಾಲ್ಕು ಸಾಲಿನ ಕಾಯಿ ತೆಗೆದು ಪ್ಲಾಟು ಉಳಿಸಿಕೊಂಡರು. ಬೀಜದ ರೈತರಿಗೆಲ್ಲ ಕಂಪನಿಯ ಸೂಚನೆ ಬಂತು. ಗೊಬ್ಬರ ಬೇಡ, ತಿರುಳು ಕೊಡುವಂತಿಲ್ಲ. ಮುಂದಿನ ಸಲ ಮೂರು ಅಲ್ಲ, ಆರು ಸಲ ತಿರುವುತ್ತೇವೆ, ಪ್ರತಿ ರಾಶಿಯ ಅಂಚಿನ ಬುಟ್ಟಿ ತೋರಿಸಿಯೇ ಗೊಬ್ಬರ ಕೊಡುತ್ತೇವೆ ಎಂದು ಬರೆದೆ. ನಮ್ಮ ಸಂಸ್ಥೆಯವರೂ ಬರೆದರು. ಉತ್ತರ ಬರಲಿಲ್ಲ. ಬರುತ್ತದೆ ಎಂದು ನಾನೂ ಕಾಯಲಿಲ್ಲ.

ಉಳಿದ ರಾಶಿಯನ್ನು ಆಳವಾಗಿ ಹೂಳಬೇಕು ಎಂದು ಹೇಳಿದರು. ಜೆಸಿಬಿ ಗುಂಡಿ ತೋಡಿತು. ಹೆಂಗಸರು ಪುಟ್ಟಿ ತುಂಬಿ ತುಂಬಿ ಸುರಿದರು. ಕೊನೆಗೆ ಅಂಚಿನ ಗೊಬ್ಬರದ ಆ ಬುಟ್ಟಿ ಉಳಿಯಿತು. ಒಂದು ವಾರದಲ್ಲಿ ಸಸಿಗಳು ಗೇಣುದ್ದ ಆಗಿದ್ದವು. ಅವನ್ನು ಕೀಳಲು ಯಾರಿಗೂ ಕೈ ಬರಲಿಲ್ಲ. ತಿಪ್ಪವ್ವ ಬುಟ್ಟಿಯ ಹತ್ತಿರ ಬಂದು ನಿಂತಳು.

"ಇವರ ಅಲ್ಲನ್ರೀ ನನ್ನ ಉಳಿಸಿದವ್ರು" ಎಂದು ಸಸಿಗಳನ್ನು ತೋರಿಸಿದಳು.

ನಾನು ಕೂತು ಒಂದೊಂದಾಗಿ ಹದಿನಾಲ್ಕನ್ನೂ ಕಿತ್ತೆ. ಆಕೆ ಬೇರೆ ಕಡೆ ಮುಖ ಮಾಡಿ ನಿಂತಿದ್ದಳು. ಹಸಿ ಬೇರಿನ ಸೌತೆಯ ವಾಸನೆ ಕೈಗೆ ಹತ್ತಿತ್ತು. ಆ ದಿನ ಹಿತ್ತಲಲ್ಲಿ ಸ್ನಾನ ಮಾಡುವಾಗ ಅತ್ತುಬಿಟ್ಟೆ, ನೀರಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಆಕೆಯ ಹೆಸರಾದರೂ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಅದೂ ನನ್ನ ಭ್ರಮೆ. ಮುಂದಿನ ಹಂಗಾಮಿಗೆ ಬೀಜ ತೊಳೆಯಲು ಓಣಿಯ ಹೆಂಗಸರನ್ನೆಲ್ಲ ಕರೆದರು, ಆಕೆಯನ್ನು ಬಿಟ್ಟು. ಕ್ರಾಸಿಂಗಿಗೂ ಕರೆಯಲಿಲ್ಲ. ಮಾಲೀಕನನ್ನು ಕೇಳಿದೆ.

"ಕದ್ದಾಳ ಅಂತ ನಾ ಎಲ್ಲಿ ಅಂದೀನ್ರಿ?" ಎಂದ. "ಆದ್ರೂ ಯಾಕ ಬೇಕು ಉಸಾಬರಿ. ಒಮ್ಮಿ ಹೆಸರು ಬಂದೈತಿ."

ತಿರುಳು ಮತ್ತೆ ಹಳ್ಳಕ್ಕೆ ಬಿತ್ತು. ಬೋರಿನ ನೀರು ಹಳದಿಯಾಯಿತು. ಅಧ್ಯಕ್ಷೆ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಸಂತೆಯಲ್ಲಿ ಸಿಕ್ಕರೆ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕುತ್ತಾಳೆ, ಮುಖ ನೋಡುವುದಿಲ್ಲ. ನಮ್ಮ ಸಂಸ್ಥೆ ನನ್ನನ್ನು ಗಂಗಾವತಿ ಕಡೆ ಹಾಕಿತು. ಅಲ್ಲಿ ಭತ್ತದ ಹೊಟ್ಟು, ಎಮ್ಮೆಯ ಸೆಗಣಿ. ಹೊಟ್ಟಿನಲ್ಲಿ ಹುಟ್ಟುವಂಥದ್ದು ಏನೂ ಇರುವುದಿಲ್ಲ. ಆದರೂ ನಾನು ಅಂಚಿಗೆ ಸಲಾಕೆ ಚುಚ್ಚದೆ ಬರುವುದಿಲ್ಲ.

ಈ ಸಲ ಮುಂಗಾರು ಶುರುವಾದ ಮೇಲೆ ಆ ದಾರಿಯಲ್ಲಿ ಹೋಗುವುದಿತ್ತು. ತಿಪ್ಪವ್ವನನ್ನು ನೋಡಿ ಬರೋಣ ಎಂದು ಬೈಕ್ ತಿರುಗಿಸಿದೆ. ಹಿತ್ತಲಲ್ಲಿ ಇದ್ದಾಳೆ ಎಂದು ಸೊಸೆ ಹೇಳಿದಳು. ಹಿತ್ತಲ ಮೂಲೆಯಲ್ಲಿ ಅವರ ಮನೆಯ ತಿಪ್ಪೆ, ಒಲೆಯ ಬೂದಿ, ಒಂದು ಆಕಳ ಸೆಗಣಿ, ಕಸ. ಆಕೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಏನನ್ನೋ ನೋಡುತ್ತಿದ್ದಳು. ಮಳೆಗೆ ತಿಪ್ಪೆಯ ಮೇಲೆ ಒಂದು ಸಸಿ ಎದ್ದಿತ್ತು. ಅದರ ಬುಡಕ್ಕೆ ಬೆರಳಿಂದ ಮಣ್ಣು ಸರಿಸುತ್ತಿದ್ದಳು.

"ತಿಪ್ಪವ್ವಾ, ಆರಾಮ ಅದಿಯೇನ?" ಎಂದೆ.

ತಿರುಗಿ ನನ್ನನ್ನು ಕಂಡ ಕೂಡಲೇ ಆಕೆಯ ಮುಖ ಬದಲಾಯಿತು. ಗಬಕ್ಕನೆ ಬಗ್ಗಿ ಆ ಸಸಿಯನ್ನು ಬೇರು ಸಮೇತ ಕಿತ್ತಳು. ಮುದುರಿ ಹಿಡಿದು ಎದ್ದು ನಿಂತು, ಕೇಳದಿದ್ದರೂ ಸೆರಗು ಬಿಚ್ಚಿ ಜಾಡಿಸಿ ತೋರಿಸಿದಳು.

"ಏನಿಲ್ಲರಿ ಯಪ್ಪಾ, ಏನಿಲ್ಲ. ಕಿತ್ತೀನಿ ನೋಡ್ರಿ, ಕಿತ್ತೀನಿ."

ಕೈಯಲ್ಲಿದ್ದ ಎಲೆ ನನಗೆ ಕಾಣುತ್ತಿತ್ತು. ಅದು ಸೌತೆಯಲ್ಲ, ಕುಂಬಳ.